ರಾಣಿಯ ಹಣೆ

೧ ನವೆಂಬರ್ ೧೯೫೬, ಗುರುವಾರ. ಬೀದರ.



ಫ್ರಾನ್ಸಿನ ರಾಣಿಯೊಬ್ಬಳ ಹಳೆಯ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿ ಕಲಿಯುತ್ತಿದ್ದೆ. ಕೂದಲಿಗೆ ಬಿಳಿ ಪುಡಿ, ಹಣೆ ಬೋಳು. ವಿಧವೆಯ ಹಾಗೆ ಕಾಣುತ್ತಿದ್ದಳು. ಇವತ್ತು ನಾವು ಮೈಸೂರು ರಾಜ್ಯಕ್ಕೆ ಸೇರಿದ ದಿನ, ಊರಲ್ಲೆಲ್ಲ ಪೇಢೆ. ಆ ಖುಷಿಯಲ್ಲಿ ಬೆರಳುಗಳಿಗೆ ಕೆಂಪು ಬಣ್ಣ ಹಚ್ಚಿಕೊಂಡು ಅವಳಿಗೆ ಕುಂಕುಮ ಇಟ್ಟೆ. ಎಣ್ಣೆ ಹೆಚ್ಚಾಗಿ ಕೆಂಪು ಮೂಗಿನ ಮೇಲೆ ಇಳಿಯಿತು.

ಕಲಿಸುವ ಹಬೀಬ ಉಸ್ತಾದರು ನೋಡಿದ್ದೇ ತಡ, ಚಾಕು ತೆಗೆದು ಆ ಮುಖವನ್ನು ಪರಪರ ಸೀಳಿದರು. ತಿಂಗಳುಗಟ್ಟಲೆ ಮಾಡಿದ ಕೆಲಸ! ಕೊರಳಪಟ್ಟಿ ಹಿಡಿದು ಅವರನ್ನು ಗೋಡೆಗೆ ಅಪ್ಪಳಿಸಿದೆ.

"ಯಾಕ್ರೀ ಉಸ್ತಾದ್?"

"ಹೊಡಿ ಬೇಟಾ, ಹೊಡಿ. ಎಂಟು ವರ್ಷದ ಹಿಂದ, ನಿಜಾಮನ ಮ್ಯಾಲ ಫೌಜು ಬಂದ ಪೊಲೀಸ್ ಆಕ್ಷನ್‌ದಾಗ ನನ್ನ ಮಗಳ ಹಣಿಗಿ ಗುಂಡು ಬಡದಿತ್ತು. ರಕ್ತ ಹಿಂಗೇ ಇಳದಿತ್ತು."

ಕೈ ಬಿಟ್ಟೆ. ಅವರ ಬಿಳಿ ಕೊರಳಪಟ್ಟಿಯ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು.