ಹಿತ್ತಲ ನಲ್ಲಿಯ ನೀರು

ನಿನ್ನ ಕೋಣೆಯಿಂದ,
ಮಂಗಳವಾರ ಬೆಳಿಗ್ಗೆ

ನನ್ನ ಪ್ರೀತಿಯ ಮೊಂಡನಿಗೆ,

ಹೇಗಿದ್ದೀಯೋ? ಊಟ ಸೇರುತ್ತದೋ ಇಲ್ಲವೋ? ಕಣ್ಣಿನ ಹಳದಿ ಇಳಿಯಿತೋ? ಉಚ್ಚೆ ಯಾವ ಬಣ್ಣಕ್ಕಿದೆ ಅಂತ ನೋಡಿಕೊಳ್ಳುತ್ತೀಯೋ? ನಾಚಿಕೊಳ್ಳಬೇಡ, ನಿನ್ನ ಕುಂಡೆ ತೊಳೆದು ಬೆಳೆಸಿದವಳು ನಾನು. ನನಗೇನೂ ಆಗಿಲ್ಲ, ಮಂಡಿ ನೋಯುತ್ತದೆ, ನಾಲಿಗೆ ಗಟ್ಟಿಯಾಗಿದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ನಾಲ್ಕನೇ ಕ್ಲಾಸಿಗೇ ಬಿಡಿಸಿದರೆ ಇನ್ನೆಂಥ ಅಕ್ಷರ ಬಂದೀತು, ಕೂಡಿಸಿಕೊಂಡು ಓದು. ನೀನು ಕೆಲಸಕ್ಕಿರುವ ಮರದ ಪಾಲಿಶ್ ಅಂಗಡಿಯ ಗೋದಾಮಿನಲ್ಲೇ ಮಲಗುತ್ತೀಯೆ ಅಂತ ನಿನ್ನ ಯಜಮಾನ ಹೇಳಿದ. ಅವನ ಕೈಲೇ ಇದನ್ನು ಕಳಿಸುತ್ತಿದ್ದೇನೆ.

'ಇಡೀ ಮನೆಗೆ ರೋಗ ಹಚ್ಚಿಬಿಟ್ಯಲ್ಲೋ' ಅಂತ ನಿನ್ನಮ್ಮ ಎದೆ ಬಡಿದುಕೊಂಡಳು, ನೀನು ಅದನ್ನು ನಂಬಿ ಚೀಲ ಹೆಗಲಿಗೇರಿಸಿ ಹೊರಟೆ. ಯಾರು ಯಾರಿಗೆ ಹಚ್ಚಿದರು ಅಂತ ಈಗ ಕೇಳು. ನಿನಗೆ ಎಚ್‌ಐವಿ ಅಂತ ಗೊತ್ತಾದ ದಿನದಿಂದ ಅವಳು ನಿನ್ನ ತಟ್ಟೆ ಬೇರೆ, ಲೋಟ ಬೇರೆ, ಕೊನೆಗೆ ಕುಡಿಯುವ ಕೊಡವನ್ನೂ ಬೇರೆ ಮಾಡಿದಳಲ್ಲ. ಒಳಗಿನವರಿಗೆ ಕುದಿಸಿದ ನೀರು. ನೀನು ಅಡುಗೆಮನೆಗೆ ಕಾಲಿಡಬಾರದು, ಹಾಗಾಗಿ ನಿನ್ನ ಕೊಡಕ್ಕೆ ಹಿತ್ತಲ ನಲ್ಲಿಯದು. ನಾನು ಬಾಯಿ ಮಾಡಿದರೆ 'ಅತ್ತೆ, ನಿಮಗೆ ಗೊತ್ತಾಗಲ್ಲ, ಸುಮ್ನಿರಿ' ಅನ್ನುತ್ತಿದ್ದಳು. ನನ್ನ ಮಗನೋ, ನಿನ್ನಪ್ಪ, ಪೇಪರು ಅಗಲಿಸಿ ಮುಖ ಮುಚ್ಚಿಕೊಳ್ಳುತ್ತಿದ್ದ.

ಆಮೇಲೆ ನಿನಗೆ ಕಾಮಾಲೆ ಬಂತು. 'ಅವನ ರೋಗ ಹೊರಗೆ ಬರ್ತಿದೆ' ಅಂತ ನಿನ್ನ ಸೋದರತ್ತೆ ತೀರ್ಪು ಕೊಟ್ಟಳು. ನನ್ನ ಹೊಟ್ಟೆಯಲ್ಲೇ ಹುಟ್ಟಿದ ಪಂಡಿತೆ! ನಾದಿನಿ ಅತ್ತಿಗೆ ಸೇರಿ ಸೀರೆ ಎತ್ತಿ ಕಟ್ಟಿದರು. ಮನೆಯ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಹೊತ್ತು, ನಿನ್ನ ರೋಗ ಹೋಗಲಿ ಅಂತ ಅದೇ ನಲ್ಲಿಯಡಿ ಉಜ್ಜಿದ್ದೇ ಉಜ್ಜಿದ್ದು. ಕುಡಿಯುವ ನೀರಿನ ಹಂಡೆಯನ್ನೂ ಬಿಡಲಿಲ್ಲ, ತಿನ್ನುವ ಸೌತೆಕಾಯಿಯನ್ನೂ ಬಿಡಲಿಲ್ಲ. ದಿನಾ ಇದೇ ವ್ರತ. ಒಂದು ತಿಂಗಳು ಕಳೆಯುವುದರೊಳಗೆ ಅಪ್ಪ, ಅಮ್ಮ, ಅತ್ತೆ ಮೂವರೂ ಅರಿಶಿನ ಬಳಿದವರ ಹಾಗಾದರು. ನನ್ನ ನೀರಿಗೆ ನಾನೇ ಒಲೆ ಹಚ್ಚುತ್ತೇನೆ, ಸೌತೆಕಾಯಿ ಕಡಿಯಲು ಹಲ್ಲಿಲ್ಲ, ಹೇಗೋ ಬಚಾವಾದೆ.

ನೀನು ಹೋದ ಮೇಲೆ ನಲ್ಲಿಯ ನೀರು ನಾರತೊಡಗಿತು. ನಲ್ಲಿ ರಿಪೇರಿಯವನು ಬಂದು ನೆಲ ಅಗೆದ. ಬರೆಯಲೂ ಹೇಸಿಗೆ ಕಣೋ. ಕಕ್ಕಸಿನ ಕೊಳವೆ ಒಡೆದಿದೆ, ಅದರ ಕೆಳಗೇ ನೀರಿನ ಪೈಪು ತುಕ್ಕು ಹಿಡಿದು ತೂತಾಗಿ ಮಲಗಿದೆ. ಸುತ್ತ ಕಪ್ಪು ಲೋಳೆ, ಲೋಳೆಯಲ್ಲಿ ಮಿಜಿಗುಟ್ಟುವ ಬಿಳಿ ಹುಳ. ಪೈಪು ಎತ್ತಿದರೆ ಬಾಯಿಂದ ಕೀವಿನಂಥದ್ದು ಜಿನುಗಿತು. ಅವನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು 'ಏನಜ್ಜಿ, ಇದನ್ನ ಕುಡೀತಿದ್ರಾ' ಅಂದ. 'ಕುಡಿಯೋದೇನಪ್ಪಾ, ನಮ್ಮನೆ ಹೆಂಗಸ್ರು ಇದ್ರಲ್ಲೇ ಮನೆ ಶುದ್ಧ ಮಾಡಿದ್ದಾರೆ' ಅಂದೆ.

ಆಸ್ಪತ್ರೆಯ ಡಾಕ್ಟರಮ್ಮ ಇವರ ರಕ್ತ ನೋಡಿ, ಇದು ಹೆಪಟೈಟಿಸ್ ಇ, ಹೇಲು ಬೆರೆತ ನೀರಿನಿಂದ ಬಂದದ್ದು ಅಂದರು. ಎಚ್‌ಐವಿ ತಟ್ಟೆ ಲೋಟದಿಂದ ಯಾರಿಗೂ ಅಂಟುವುದಿಲ್ಲ ಅಂತಲೂ ಬಿಡಿಸಿ ಹೇಳಿದರು. ನಿನ್ನಮ್ಮ ತಲೆ ತಗ್ಗಿಸಿ ಅತ್ತಳು. ನಿನ್ನತ್ತೆ ಮಾತ್ರ 'ಆದ್ರೂ ಮೊದಲು ಅವನಿಗೇ ಬಂತಲ್ವಾ' ಅಂದಳು. ಥೂ! ಲೋಳೆ ನೋಡಿದಾಗ ತಡೆದುಕೊಂಡಿದ್ದ ವಾಂತಿ ಆ ಮಾತಿಗೆ ಬಂತು. ಆಸ್ಪತ್ರೆಯ ಚರಂಡಿಗೆ ಕಕ್ಕಿ ಬಂದೆ.

ಈಗ ಮೂವರೂ ಚೇತರಿಸಿಕೊಂಡಿದ್ದಾರೆ. ಪೈಪು ಬದಲಾಗಿದೆ. ನೀನು ಯಾರ ತಪ್ಪನ್ನೂ ಹೊರಬೇಕಾಗಿಲ್ಲ. ನಿನ್ನ ಯಜಮಾನನಿಗೆ ನನ್ನ ನಮಸ್ಕಾರ ಹೇಳು. ನನ್ನ ಆಯಸ್ಸೂ ನಿನಗಿರಲಿ, ಮಗಾ.

ನಿನ್ನ ಬಾಯಿಬಡುಕಿ
ಅಜ್ಜಿ

ಮರೆತೆ. ಮರೆತೆ ಅನ್ನುವುದು ಸುಳ್ಳು, ಮೇಲೆ ಬರೆಯಲು ಕೈ ಬರಲಿಲ್ಲ. ಹಾಸಿಗೆ ಕೊಡವಿದಾಗ ನಿನ್ನ ಎಚ್‌ಐವಿ ಮಾತ್ರೆಯ ಡಬ್ಬಿ ಸಿಕ್ಕಿತು, ತುಂಬಿದ್ದು ತುಂಬಿದ ಹಾಗೇ ಇದೆ. 'ಆ ಮಾತ್ರೆಯಿಂದ್ಲೇ ಹಳದಿ' ಅಂತ ಅತ್ತೆ ಅಂದದ್ದಕ್ಕೆ ನಿಲ್ಲಿಸಿದೆಯೇನೋ ಮುಠ್ಠಾಳ? ಡಬ್ಬಿ ತೋರಿಸಿದಾಗ ಡಾಕ್ಟರಮ್ಮನ ಮುಖ ಸಣ್ಣದಾಯಿತು. ಬೇರೆಯವರಿಗೆ ಈ ನೀರಿನ ಕಾಮಾಲೆ ತಾನಾಗಿಯೇ ಇಳಿಯುತ್ತದಂತೆ. ಮೈಯ ಶಕ್ತಿ ಕುಂದಿದವರಲ್ಲಿ ಕೆಲವರಿಗೆ ಕಣ್ಣು ಬೆಳ್ಳಗಾದರೂ ಲಿವರಿನೊಳಗೆ ಕೂತು ತಿಂಗಳುಗಟ್ಟಲೆ ಕೊರೆಯುತ್ತದಂತೆ. ರಕ್ತ ನೋಡಲೇಬೇಕು, ಮಾತ್ರೆ ಮತ್ತೆ ಹೇಗೆ ಶುರುಮಾಡುವುದು ಅಂತ ಅವರೇ ಹೇಳುತ್ತಾರೆ. ನಾಳೆ ಬೆಳಿಗ್ಗೆಯಿಂದ ಆಸ್ಪತ್ರೆಯ ಗೇಟಿನಲ್ಲಿ ಕೂತಿರುತ್ತೇನೆ. ಡಬ್ಬಿ ನನ್ನ ಮಡಿಲಲ್ಲಿರುತ್ತದೆ. ನೀನು ಬರುವ ತನಕ ಏಳುವುದಿಲ್ಲ. ಬಾರೋ.