ಬೇರು ಬಂತು, ಕಾಲೆತ್ತು

ಪಕ್ಷಿಧಾಮದ ಮೇಲ್ವಿಚಾರಕರಿಗೆ ನಮಸ್ಕಾರ.

ಅಳಿವೆ ದಂಡೆಯ ದಾರಿಯಲ್ಲಿ ಬೆಳಿಗ್ಗೆ ಯಾರೋ ಒಬ್ಬನೇ ಮಾತಾಡುತ್ತ ಓಡುತ್ತಾನೆ, ಗೂಡಿನ ಹಕ್ಕಿಗಳು ಬೆದರಿ ಹಾರುತ್ತವೆ ಎಂದು ದೂರು ಬಂದಿರುವುದಾಗಿ ಬರೆದಿದ್ದೀರಿ. ಆ ಮನುಷ್ಯ ನಾನೇ. ತಲೆ ಕೆಟ್ಟಿಲ್ಲ.

ನನ್ನ ತಂಗಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಓಡುವ ಹುಚ್ಚು ಮಾತ್ರ ಹೇಳತೀರದು. ನನ್ನ ಎಡಗೈಗೂ ಅವಳ ಬಲಗೈಗೂ ಮೊಳದುದ್ದದ ಹುರಿ ಕಟ್ಟಿಕೊಂಡು, ದೀಪಸ್ತಂಭದಿಂದ ನಿಮ್ಮ ಕಾಡಿನ ಮರದ ಸೇತುವೆಯವರೆಗೆ ಜೊತೆಯಲ್ಲಿ ಓಡುತ್ತಿದ್ದೆವು. ದಾರಿಯುದ್ದಕ್ಕೂ ಕಂಡದ್ದನ್ನು ಹೇಳುವುದು ನನ್ನ ಕೆಲಸ.

"ಬೇರು ಬಂತು, ಕಾಲೆತ್ತು. ಎಡಕ್ಕೆ ಸಮುದ್ರ, ಇವತ್ತು ಬೂದಿ ಬಣ್ಣ."

"ಬೂದಿ ಬಣ್ಣ ಅಂದ್ರೆ ಹೇಗಿರುತ್ತೆ ಅಣ್ಣಾ?"

"ಆರಿದ ಒಲೆ ಮುಟ್ಟಿದ ಹಾಗೆ."

"ನಿನ್ನೆನೂ ಅದನ್ನೇ ಹೇಳಿದ್ದೆ, ಸೋಮಾರಿ" ಎಂದು ನಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ನನ್ನ ಕಾಲು ಓಡತೊಡಗಿದರೆ ಬಾಯಿ ಈಗಲೂ ಸುಮ್ಮನಿರುವುದಿಲ್ಲ.

ನಿಮ್ಮ ಪತ್ರ ಕೈಸೇರಿದ ಮೇಲೆ, ನಿನ್ನೆ ಬಾಯಿಗೆ ಬೀಗ ಹಾಕಿಕೊಂಡು ಓಡಿದೆ. ಅದೇ ಬೇರಿಗೆ ಎಡವಿ ಬಿದ್ದೆ. ನನ್ನ ಮಂಡಿ ಒಡೆದದ್ದು ಆಮೇಲೆ ಗೊತ್ತಾಯಿತು. ಮೊದಲು, ಅವಳಿಗೆ ಪೆಟ್ಟಾಯಿತೇನೋ ಎಂದು ಎಡಗಡೆಯ ನೆಲವನ್ನು ತಡವುತ್ತಿದ್ದೆ.

ಮರಿಗಳು ಹಾರುವವರೆಗೆ ನಾನು ಬಂದರಿನ ರಸ್ತೆಯಲ್ಲೇ ಓಡುತ್ತೇನೆ. ಯಾರಾದರೂ ಎಡವುತ್ತಾರೆಂದು ಆ ಬೇರನ್ನು ಮಾತ್ರ ಕಡಿಸಬೇಡಿ. ಅಲ್ಲಿ ನಾನು ಒಂದು ಮಾತು ಆಡಬೇಕು.

ಇಂತು,
ಅವಳ ಅಣ್ಣ