ಅರಮನೆಯ ತೋಟದಲ್ಲಿ ಭಾವ

ಅಬುಧಾಬಿ, ೨೩-೫-೯೮

ಅಕ್ಕಾ, ಮೊದಲು ಕುಳಿತುಕೋ, ಆಮೇಲೆ ಓದು. ಭಾವ ಬದುಕಿದ್ದಾರೆ.

ಹೋದ ವಾರ ಶುಕ್ರವಾರ ರಘುನಂದನ ಮತ್ತು ಆಫೀಸಿನ ಇನ್ನಿಬ್ಬರು ಗೆಳೆಯರ ಜೊತೆ ಊರಾಚೆಯ ಒಂದು ಅರಮನೆಯ ತೋಟ ನೋಡಲು ಹೋಗಿದ್ದೆ. ಫ್ರಾನ್ಸಿನ ರಾಜರ ತೋಟದ ಹಾಗೆಯೇ ಮಾಡಿಸಿದ್ದಾರೆ. ಕಣ್ಣು ಹಾಯುವಷ್ಟು ದೂರ ಹಗ್ಗ ಹಿಡಿದು ಕತ್ತರಿಸಿದಂಥ ಗಿಡಗಳ ಸಾಲು, ನಡುವೆ ಕಾರಂಜಿಗಳು. ಬಿಸಿಲಿಗೆ ಅರ್ಧ ದಾರಿಯಲ್ಲೇ ನಮಗೆ ಸಾಕಾಯಿತು. ತಲೆಗೆ ಬಟ್ಟೆ ಸುತ್ತಿಕೊಂಡು ಗಿಡ ಸವರುತ್ತಿದ್ದ ಒಬ್ಬರನ್ನು, ಕುಡಿಯುವ ನೀರು ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದೆ. ತಿರುಗಿದವರು ಭಾವ.

ಅವರ ಕಂಪೆನಿ ಮುಚ್ಚಿ ಎರಡು ವರ್ಷವಾಯಿತಂತೆ. ವೀಸಾ ಇಲ್ಲ, ಪಾಸ್‌ಪೋರ್ಟ್ ಯಾರ ಬಳಿ ಇದೆಯೋ ಗೊತ್ತಿಲ್ಲ. ತುಂಬ ಇಳಿದುಹೋಗಿದ್ದಾರೆ, ಕೆಮ್ಮು ಬೇರೆ.

"ಅಕ್ಕನಿಗೆ ಒಂದು ಕಾಗದ ಹಾಕ್ಬಾರ್ದಿತ್ತಾ ಭಾವ?" ಎಂದೆ.

"ಏನಂತ ಬರೀಲಿ ಮಾರಾಯ? ನೀನೂ ನನ್ನನ್ನು ನೋಡ್ಲಿಲ್ಲ ಅಂತಲೇ ಇರ್ಲಿ."

ಅಷ್ಟರಲ್ಲಿ ಮೇಸ್ತ್ರಿ "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಪಡಿಸಿ ಕೂಗಿದ. ಭಾವ ಕತ್ತರಿ ಎತ್ತಿಕೊಂಡರು. ನನ್ನ ಫೋನ್ ನಂಬರಿನ ಚೀಟಿಯನ್ನು ಅವರ ಜೇಬಿಗೆ ತುರುಕಿ ಬಂದೆ.

ನಿನ್ನೆ ಔಷಧಿ, ಬಟ್ಟೆ ತೆಗೆದುಕೊಂಡು ಮತ್ತೆ ಹೋದೆ. ನಾನು ಕಂಡ ಮರುದಿನವೇ ಅವರು ಕೆಲಸ ಬಿಟ್ಟು ಹೋದರೆಂದು ಜೊತೆಯವರು ಹೇಳಿದರು. ಎಲ್ಲಿಗೆಂದು ಯಾರಿಗೂ ತಿಳಿಯದು. ನಾನು ನೋಡದಿದ್ದರೆ ಅಲ್ಲೇ ಇರುತ್ತಿದ್ದರೇನೋ. ಹುಡುಕುತ್ತಿದ್ದೇನೆ.

ನಿಮ್ಮ ಪಕ್ಕದ ಮನೆಯ ಫೋನ್ ಸಿಗುತ್ತಿಲ್ಲ, ಅದಕ್ಕೇ ಈ ಕಾರ್ಡು. ಇಷ್ಟು ಕಾಲ ಸುದ್ದಿಯೇ ಇಲ್ಲವೆಂದು ನಿನ್ನ ಅತ್ತೆ ಮುಂದಿನ ತಿಂಗಳು ಭಾವನ ಉತ್ತರಕ್ರಿಯೆ ಮಾಡಿಸುತ್ತಾರೆಂದು ಅಮ್ಮ ಬರೆದಿದ್ದಳು. ಇದನ್ನು ಅವರ ಕೈಗೇ ಕೊಟ್ಟು ನಿಲ್ಲಿಸು.

ತಿಲಕ